ಮೊಲದ ಮರಿಯ ಕಾಗದ



ನಮಗೀಗ ಅಕ್ಷರ ಬಂದಿದೆ. ಬಸ್ಸಿನ ಬೋರ್ಡು ಓದುತ್ತೇವೆ. ರೇಷನ್ ಕಾರ್ಡಿನಲ್ಲಿ ನಮ್ಮ ಹೆಸರು ಸರಿಯಾಗಿದೆಯೇ ಎಂದು ನೋಡುತ್ತೇವೆ. ಹೆಬ್ಬೆಟ್ಟು ಒತ್ತುವ ಜಾಗದಲ್ಲಿ ಸಹಿ ಹಾಕುತ್ತೇವೆ. ಆದರೆ "ಒಂದು ಕಾಗದ ಬರೀರಿ" ಅಂದರೆ ಮಾತ್ರ ಹಿಂದೆ ಸರಿಯುತ್ತೇವೆ.

"ಏನಂತ ಬರೀಲಿ? ಬರೆಯೋಕೆ ನನ್ನ ಹತ್ರ ಏನಿದೆ?"

"ದೊಡ್ಡ ದೊಡ್ಡ ಮಾತು ನನಗೆ ಬರಲ್ಲ."

"ಫೋನಿನಲ್ಲಿ ಮಾತಾಡಿದರೆ ಆಯ್ತಲ್ಲ, ಕಾಗದ ಯಾಕೆ?"

ಈ ಮೂರು ಮಾತುಗಳನ್ನು ನಾವೆಲ್ಲ ಆಡಿದ್ದೇವೆ, ಕೇಳಿದ್ದೇವೆ. ಮೂರಕ್ಕೂ ಉತ್ತರ ಕೊಡುವ ಒಂದು ಸಂಗತಿ ಇಲ್ಲಿದೆ. ಇದು ಕಟ್ಟಿದ ಕತೆಯಲ್ಲ. ಇಂಗ್ಲೆಂಡ್ ದೇಶದಲ್ಲಿ ನಿಜವಾಗಿ ನಡೆದದ್ದು. ಬನ್ನಿ, ಓದೋಣ.

ಶಾಲೆಗೆ ಹೋಗದ ಹುಡುಗಿ

1866ನೇ ಇಸವಿ ಜುಲೈ 28. ಲಂಡನ್ ನಗರದ ಒಂದು ಶ್ರೀಮಂತರ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಹೆಸರು ಬಿಯಾಟ್ರಿಕ್ಸ್ ಪಾಟರ್.

ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಆದರೂ ಬಿಯಾಟ್ರಿಕ್ಸ್ ಶಾಲೆಗೆ ಹೋಗಲಿಲ್ಲ. ಆ ಕಾಲದಲ್ಲಿ ಅಂಥ ಮನೆಗಳ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ. ಟೀಚರಮ್ಮ ಮನೆಗೇ ಬರುತ್ತಿದ್ದರು. ಹೊರಗೆ ಹೋಗಿ ಆಡುವುದು ಕಡಿಮೆ. ಗೆಳತಿಯರೂ ಕಡಿಮೆ. ತಮ್ಮ ಒಬ್ಬನಿದ್ದ. ಅವನು ಬೆಳೆದ ಮೇಲೆ ಬೇರೆ ಊರಿನ ಶಾಲೆಗೆ ಹೋದ.

ಹಾಗಾದರೆ ಈ ಹುಡುಗಿಗೆ ಜೊತೆ ಯಾರು? ಮೊಲ, ಇಲಿ, ಕಪ್ಪೆ, ಹಲ್ಲಿ, ಬಾವಲಿ! ಅವುಗಳನ್ನೆಲ್ಲ ಸಾಕಿಕೊಂಡಳು. ಅವು ಕೂರುವುದನ್ನು, ತಿನ್ನುವುದನ್ನು, ಮಲಗುವುದನ್ನು ಗಮನವಿಟ್ಟು ನೋಡಿದಳು. ನೋಡಿದ್ದನ್ನೆಲ್ಲ ಚಿತ್ರ ಬರೆದಳು.

ಬಿಯಾಟ್ರಿಕ್ಸ್‌ಗೆ ಕೊನೆಯಲ್ಲಿ ಪಾಠ ಹೇಳಿದ ಟೀಚರಮ್ಮನ ಹೆಸರು ಆನಿ. ಇಬ್ಬರಿಗೂ ವಯಸ್ಸಿನಲ್ಲಿ ಮೂರೇ ವರ್ಷದ ಅಂತರ. ಅವರು ಗೆಳತಿಯರೇ ಆಗಿಬಿಟ್ಟರು. ಆಮೇಲೆ ಆನಿಗೆ ಮದುವೆಯಾಯಿತು. ಆನಿ ಮೂರ್ ಎಂಬ ಹೆಸರಾಯಿತು. ಮಕ್ಕಳಾದವು. ಮೊದಲನೆಯವನು ನೋಯೆಲ್, ಎರಡನೆಯವನು ಎರಿಕ್. ಹೀಗೆ ಒಟ್ಟು ಎಂಟು ಮಕ್ಕಳು.

ಬಿಯಾಟ್ರಿಕ್ಸ್ ಊರು ಬಿಟ್ಟು ಎಲ್ಲಿಗೆ ಹೋದರೂ ಈ ಮಕ್ಕಳಿಗೆ ಕಾಗದ ಬರೆಯುತ್ತಿದ್ದರು. ಬರೀ ಅಕ್ಷರದ ಕಾಗದ ಅಲ್ಲ. ನಡುನಡುವೆ ಪುಟ್ಟ ಪುಟ್ಟ ಚಿತ್ರಗಳು.

ಕಾಯಿಲೆ ಮಗುವಿಗೆ ಒಂದು ಕಾಗದ

1893ನೇ ಇಸವಿ. ನೋಯೆಲ್‌ಗೆ ಆಗ ಐದು ವರ್ಷ. ಹುಷಾರಿಲ್ಲದೆ ಹಾಸಿಗೆ ಹಿಡಿದಿದ್ದ. ಬಿಯಾಟ್ರಿಕ್ಸ್‌ಗೆ 27 ವರ್ಷ. ಅವರು ತಂದೆ ತಾಯಿಯ ಜೊತೆ ಸ್ಕಾಟ್ಲೆಂಡಿನ ಡಂಕೆಲ್ಡ್ ಎಂಬ ಊರಿನಲ್ಲಿದ್ದರು. ಮಗು ದೂರದಲ್ಲಿ ಮಲಗಿದೆ. ಅದಕ್ಕೆ ಏನಾದರೂ ಬರೆಯಬೇಕು.

ಆದರೆ ಏನು ಬರೆಯುವುದು? ಬಿಯಾಟ್ರಿಕ್ಸ್‌ಗೂ ತೋಚಲಿಲ್ಲ! ಅದನ್ನು ಅವರು ಮುಚ್ಚಿಡಲೂ ಇಲ್ಲ. ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ, ಅದಕ್ಕೇ ನಾಲ್ಕು ಪುಟ್ಟ ಮೊಲಗಳ ಕತೆ ಹೇಳುತ್ತೇನೆ ಎಂದು ಕಾಗದದಲ್ಲೇ ಬರೆದರು. ಕಾಗದದ ಮೇಲೆ ತಾರೀಕು ಹಾಕಿದರು: 1893 ಸೆಪ್ಟೆಂಬರ್ 4.

ಕತೆ ಏನು? ತಾಯಿಮೊಲಕ್ಕೆ ನಾಲ್ಕು ಮರಿಗಳು. ಮೂರು ಮರಿಗಳು ಹೇಳಿದ ಮಾತು ಕೇಳುತ್ತವೆ. ನಾಲ್ಕನೆಯದು ಪೀಟರ್, ಭಾರಿ ತುಂಟ. ಪಕ್ಕದ ತೋಟಕ್ಕೆ ಹೋಗಬೇಡಿ ಅಂತ ತಾಯಿ ಹೇಳಿರುತ್ತಾಳೆ. ಆ ತೋಟದಲ್ಲೇ ಈ ಮರಿಗಳ ಅಪ್ಪ ಸಿಕ್ಕಿಬಿದ್ದು ಅಡುಗೆಯಾಗಿ ಹೋಗಿರುತ್ತಾನೆ. ಪೀಟರ್ ಮಾತ್ರ ನೆಟ್ಟಗೆ ಅಲ್ಲಿಗೇ ನುಗ್ಗುತ್ತದೆ. ಸೊಪ್ಪು ತಿಂದು, ಮೂಲಂಗಿ ತಿಂದು, ಹೊಟ್ಟೆ ಬಿರಿಯುವಷ್ಟು ಮೇಯುತ್ತದೆ. ಆಗ ತೋಟದ ಯಜಮಾನ ಕಾಣುತ್ತಾನೆ. ಓಟ ಅಂದರೆ ಓಟ! ಮೆಟ್ಟು ಹೋಯಿತು, ಅಂಗಿ ಹೋಯಿತು, ಜೀವ ಒಂದು ಉಳಿಯಿತು. ಪೀಟರ್ ಹೇಗೋ ಮನೆ ಸೇರುತ್ತದೆ. ತಾಯಿ ಬೈದು ಕೂರುವುದಿಲ್ಲ. ಕಷಾಯ ಕುಡಿಸಿ ಮಲಗಿಸುತ್ತಾಳೆ.

ಇಷ್ಟೇ ಕತೆ. ಇದರಲ್ಲಿ ದೊಡ್ಡ ಮಾತು ಒಂದೂ ಇಲ್ಲ. ಐದು ವರ್ಷದ ಮಗುವಿಗೆ ಅರ್ಥವಾಗುವ ಮಾತೇ ಎಲ್ಲ. ಕತೆ ನಡೆದ ಹಾಗೆಲ್ಲ ಪಕ್ಕದಲ್ಲಿ ಶಾಯಿಯ ಚಿತ್ರ. ಪೀಟರ್ ಎಂಬ ಹೆಸರೂ ಹುಡುಕಿ ತಂದದ್ದಲ್ಲ. ಅದು ಬಿಯಾಟ್ರಿಕ್ಸ್ ಸಾಕಿದ್ದ ಮೊಲದ ಹೆಸರು.

ಅಣ್ಣನಿಗೆ ಕಾಗದ ಬಂದರೆ ತಮ್ಮ ಸುಮ್ಮನಿರುತ್ತಾನೆಯೇ? ಮರುದಿನವೇ ಎರಿಕ್‌ಗೆ ಇನ್ನೊಂದು ಕಾಗದ ಹೋಯಿತು. ಅದರಲ್ಲಿ ಮೀನು ಹಿಡಿಯಲು ಹೋದ ಕಪ್ಪೆಯ ಕತೆ.

ಹುಡುಗ ಕಾಗದ ಎತ್ತಿಟ್ಟ

ಈಗ ಮುಖ್ಯ ಮಾತು. ನೋಯೆಲ್ ಆ ಕಾಗದವನ್ನು ಓದಿ ಬಿಸಾಕಲಿಲ್ಲ. ಒಲೆಗೆ ಹಾಕಲಿಲ್ಲ. ಜೋಪಾನವಾಗಿ ಎತ್ತಿಟ್ಟ. ಅವನ ತಮ್ಮ ತಂಗಿಯರೂ ತಮ್ಮ ತಮ್ಮ ಕಾಗದಗಳನ್ನು ಇಟ್ಟುಕೊಂಡರು.

ಆರೇಳು ವರ್ಷ ಕಳೆಯಿತು. ಈ ಕಾಗದಗಳನ್ನು ಪುಸ್ತಕ ಮಾಡಬಹುದಲ್ಲ ಎಂದು ಆನಿ ಸಲಹೆ ಕೊಟ್ಟರು. ಬಿಯಾಟ್ರಿಕ್ಸ್‌ಗೂ ಹೌದೆನಿಸಿತು. ಆದರೆ ಕಳಿಸಿದ ಕಾಗದದ ನಕಲು ಅವರ ಹತ್ತಿರ ಎಲ್ಲಿತ್ತು? ನೋಯೆಲ್‌ನನ್ನು ಕೇಳಿದರು. ಅವನ ಹತ್ತಿರ ಇತ್ತು. ಅದನ್ನು ಎರವಲು ತಂದು, ನಕಲು ಮಾಡಿಕೊಂಡು, ಕತೆಯನ್ನು ಸ್ವಲ್ಪ ಬೆಳೆಸಿದರು.

ಪುಸ್ತಕವನ್ನು ಪ್ರಕಾಶಕರಿಗೆ ಕಳಿಸಿದರು. ಒಬ್ಬರು ಬೇಡ ಅಂದರು. ಇನ್ನೊಬ್ಬರೂ ಬೇಡ ಅಂದರು. ಹೀಗೆ ಆರು ಕಡೆಯಾದರೂ ಬೇಡ ಅನ್ನಿಸಿಕೊಂಡಿತು ಆ ಪುಸ್ತಕ.

ಬಿಯಾಟ್ರಿಕ್ಸ್ ಕೈ ಚೆಲ್ಲಿ ಕೂರಲಿಲ್ಲ. 1901ರ ಡಿಸೆಂಬರಿನಲ್ಲಿ ತಮ್ಮ ಕೈಯಿಂದಲೇ ಹಣ ಹಾಕಿ 250 ಪ್ರತಿ ಅಚ್ಚು ಹಾಕಿಸಿದರು. ನೆಂಟರಿಗೆ, ಗೆಳೆಯರಿಗೆ ಹಂಚಿದರು, ಮಾರಿದರು. ಅದು ಸಾಲದೆ ಇನ್ನೂ 200 ಪ್ರತಿ ಮಾಡಿಸಬೇಕಾಯಿತು.

ಮೊದಲು ಬೇಡ ಅಂದವರಲ್ಲಿ ಫ್ರೆಡರಿಕ್ ವಾರ್ನ್ ಎಂಬ ಕಂಪನಿಯೂ ಇತ್ತು. ಅವರು ಮನಸ್ಸು ಬದಲಿಸಿದರು. ಬಣ್ಣದ ಚಿತ್ರ ಬರೆದುಕೊಟ್ಟರೆ ಪ್ರಕಟಿಸುತ್ತೇವೆ ಅಂದರು. 1902ರ ಅಕ್ಟೋಬರಿನಲ್ಲಿ ಪುಸ್ತಕ ಹೊರಬಂತು. ಆ ವರ್ಷ ಮುಗಿಯುವುದರೊಳಗೆ ಸುಮಾರು 28,000 ಪ್ರತಿ ಅಚ್ಚಾದವು. ಅಂದಿನಿಂದ ಇಂದಿನವರೆಗೆ ಈ ಪುಸ್ತಕ ನಿಂತಿಲ್ಲ. ಹತ್ತಾರು ಭಾಷೆಗಳಿಗೆ ಹೋಗಿದೆ. ಕೋಟಿಗಟ್ಟಲೆ ಪ್ರತಿ ಮಾರಾಟವಾಗಿದೆ.

ಎರಿಕ್‌ಗೆ ಬರೆದ ಕಪ್ಪೆಯ ಕತೆ 1906ರಲ್ಲಿ ಪುಸ್ತಕವಾಯಿತು. ಅವರ ತಂಗಿ ನೋರಾಗೆ 1901ರಲ್ಲಿ ಅಳಿಲಿನ ಕತೆ ಬರೆದಿದ್ದರು. ಅದು 1903ರಲ್ಲಿ ಪುಸ್ತಕವಾಯಿತು. ಇನ್ನೊಬ್ಬ ತಂಗಿ ಫ್ರೀಡಾಗೆ ಕ್ರಿಸ್‌ಮಸ್ ಹಬ್ಬಕ್ಕೆ ಒಬ್ಬ ಬಡ ದರ್ಜಿಯ ಕತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೊಟ್ಟಿದ್ದರು. ಅದೂ ಪುಸ್ತಕವಾಯಿತು.

ಬರೆದವರು ದೊಡ್ಡವರು, ನಿಜ. ಎತ್ತಿಟ್ಟವರು ಚಿಕ್ಕವರಲ್ಲ.

ಪುಟ್ಟ ಕೈಗೆ ಪುಟ್ಟ ಪುಸ್ತಕ

ಪುಸ್ತಕ ಚಿಕ್ಕದಾಗಿರಬೇಕು, ಮಗುವಿನ ಕೈಯಲ್ಲಿ ಹಿಡಿಯಬೇಕು, ಬೆಲೆ ಕಡಿಮೆ ಇರಬೇಕು ಎಂದು ಬಿಯಾಟ್ರಿಕ್ಸ್ ಹಟ ಹಿಡಿದಿದ್ದರು. 1900ರಲ್ಲಿ ಆನಿಯ ಮಗಳೊಬ್ಬಳಿಗೆ ಬರೆದ ಕಾಗದದಲ್ಲಿ ಈ ಮಾತು ಬರುತ್ತದೆ. ಆರು ಶಿಲಿಂಗಿನ ಒಂದು ದೊಡ್ಡ ಪುಸ್ತಕಕ್ಕಿಂತ ಒಂದೊಂದು ಶಿಲಿಂಗಿನ ಎರಡು ಮೂರು ಪುಟ್ಟ ಪುಸ್ತಕ ಮೇಲು ಎಂದು ಅವರ ಯೋಚನೆ. ಮರಿಮೊಲಗಳ ಹತ್ತಿರ ಆರು ಶಿಲಿಂಗ್ ಎಲ್ಲಿರುತ್ತೆ ಅಂತ ಅವರ ತಮಾಷೆ. ಶಿಲಿಂಗ್ ಅಂದರೆ ಆಗಿನ ಇಂಗ್ಲೆಂಡಿನ ನಾಣ್ಯ.

ಅಂಚೆಯಣ್ಣ ಕಲಿಸಿದ ಪಾಠ

ಬಿಯಾಟ್ರಿಕ್ಸ್ ಕಾಗದ ಬರೆದದ್ದು ಮಕ್ಕಳಿಗೆ ಮಾತ್ರವಲ್ಲ. ಡಂಕೆಲ್ಡ್ ಊರಿನ ಕಡೆ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬುವರಿದ್ದರು. ವರ್ಷಗಟ್ಟಲೆ ಹಳ್ಳಿ ಹಳ್ಳಿ ನಡೆದು ಟಪಾಲು ಹಂಚಿದವರು. ನಡೆಯುವ ದಾರಿಯಲ್ಲಿ ಕಂಡ ಗಿಡ, ಪಾಚಿ, ಅಣಬೆ ಎಲ್ಲವನ್ನೂ ನೋಡಿ ನೋಡಿ ದೊಡ್ಡ ತಿಳಿವಳಿಕೆ ಪಡೆದಿದ್ದರು.

ಬಿಯಾಟ್ರಿಕ್ಸ್‌ಗೆ ಅಣಬೆಗಳ ಚಿತ್ರ ಬರೆಯುವ ಆಸೆ. ಇಬ್ಬರಿಗೂ ಪರಿಚಯವಾಯಿತು. ಕಾಗದ ಓಡಾಡಿದವು. ಇವರು ಅಲ್ಲಿಂದ ಅಣಬೆ ಕಿತ್ತು ಟಪಾಲಿನಲ್ಲಿ ಲಂಡನ್ನಿಗೆ ಕಳಿಸುವುದು, ಅವರು ಅದರ ಚಿತ್ರ ಬರೆದು ಇವರಿಗೂ ಒಂದು ಪ್ರತಿ ಕಳಿಸುವುದು. ಹೀಗೆ ವರ್ಷಗಳ ಕಾಲ ನಡೆಯಿತು. ಶ್ರೀಮಂತರ ಮಗಳಿಗೆ ಹಳ್ಳಿಯ ಅಂಚೆಯಣ್ಣ ಗುರುವಾದರು.

ಅಣಬೆಯ ಬಗ್ಗೆ ಬಿಯಾಟ್ರಿಕ್ಸ್ ಬರೆದ ಲೇಖನ 1897ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಭೆಯ ಮುಂದೆ ಬಂತು. ಆದರೆ ಆ ಸಭೆಗೆ ಹೆಂಗಸರು ಹೋಗುವಂತಿರಲಿಲ್ಲ! ಲೇಖನ ಬರೆದವರೇ ಹೊರಗೆ. ಅಕ್ಷರ ಬಂದವರಿಗೂ ಬಾಗಿಲು ಮುಚ್ಚಿದ್ದ ಕಾಲ ಅದು.

ಬೆರಳುದ್ದದ ಕಾಗದಗಳು

ಬಿಯಾಟ್ರಿಕ್ಸ್ ಮಕ್ಕಳಿಗಾಗಿ ಇನ್ನೊಂದು ಆಟ ಕಟ್ಟಿದರು. ಅವರ ಕತೆಯ ಪ್ರಾಣಿಗಳೇ ಒಬ್ಬರಿಗೊಬ್ಬರು ಕಾಗದ ಬರೆಯುವುದು! ಕಾಗದ ಬೆರಳುದ್ದ. ಅದಕ್ಕೊಂದು ವಿಳಾಸ. ಅದರ ಮೇಲೆ ಬಣ್ಣದಲ್ಲಿ ಬರೆದ ಪುಟಾಣಿ ಸ್ಟಾಂಪು. ಅವು ಬರುತ್ತಿದ್ದದ್ದು ಆಟದ ಅಂಚೆಚೀಲದಲ್ಲಿ, ಆಟದ ಅಂಚೆಡಬ್ಬದಲ್ಲಿ.

ಕತೆಯಲ್ಲಿ ಅಳಿಲಿನ ಬಾಲ ಗೂಬೆಯ ಹತ್ತಿರ ತುಂಡಾಗಿ ಹೋಗಿತ್ತು. ಆ ಅಳಿಲು ಗೂಬೆರಾಯರಿಗೆ ಕಾಗದ ಬರೆಯುತ್ತದೆ. ದಯವಿಟ್ಟು ನನ್ನ ಬಾಲ ವಾಪಸು ಕೊಡಿ ಅಂತ ಕೋರಿಕೆ! ಬಟ್ಟೆ ಒಗೆಯುವವಳ ಜೊತೆ ಬಟ್ಟೆಯ ವಿಚಾರವಾಗಿ ಇನ್ನು ಕೆಲವರ ಕಾಗದ. ಮಕ್ಕಳು ನಗುತ್ತಾ ನಗುತ್ತಾ ಓದುವಂಥ ಕಾಗದಗಳು ಅವು.

ಸುಖ ದುಃಖದ ಕಾಗದ

ಪುಸ್ತಕದ ಕೆಲಸಕ್ಕಾಗಿ ಬಿಯಾಟ್ರಿಕ್ಸ್ ಮತ್ತು ವಾರ್ನ್ ಕಂಪನಿಯ ನಾರ್ಮನ್ ವಾರ್ನ್ ನಡುವೆ ಕಾಗದ ನಡೆಯುತ್ತಿತ್ತು. ಯಾವ ಚಿತ್ರ ಎಲ್ಲಿ ಬರಬೇಕು, ಯಾವ ಮಾತು ತೆಗೆಯಬೇಕು ಎಂಬ ಚರ್ಚೆ. ಬರೆಯುತ್ತಾ ಬರೆಯುತ್ತಾ ಮನಸ್ಸು ಕೂಡಿತು. 1905ರ ಜುಲೈ 25ರಂದು ನಾರ್ಮನ್ ತಮ್ಮನ್ನು ಮದುವೆಯಾಗುವಿರಾ ಎಂದು ಕೇಳಿದರು. ಕೇಳಿದ್ದೂ ಕಾಗದದಲ್ಲೇ.

ಬಿಯಾಟ್ರಿಕ್ಸ್ ಒಪ್ಪಿದರು. ಅವರ ತಂದೆ ತಾಯಿ ಒಪ್ಪಲಿಲ್ಲ. ವ್ಯಾಪಾರ ಮಾಡುವವನಿಗೆ ನಮ್ಮ ಮಗಳೇ ಎಂದು ಅವರ ಅಡ್ಡಿ. ಆದರೂ ಬಿಯಾಟ್ರಿಕ್ಸ್ ಉಂಗುರ ಹಾಕಿಕೊಂಡರು. ಒಂದೇ ತಿಂಗಳು. ಆಗಸ್ಟ್ 25ರಂದು ನಾರ್ಮನ್ ಕಾಯಿಲೆಯಿಂದ ತೀರಿಕೊಂಡರು. ಅವರಿಗೆ ಆಗ 37 ವರ್ಷ.

ಆ ದುಃಖವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಮನೆಯಲ್ಲಿ ಕೇಳುವವರಿಲ್ಲ. ನಾರ್ಮನ್‌ರ ಅಕ್ಕ ಮಿಲ್ಲಿ ಇದ್ದರು. ಅವರದ್ದೂ ಅದೇ ದುಃಖ. ಇವರಿಬ್ಬರೂ ಕಾಗದ ಬರೆದುಕೊಂಡರು. ಆ ಗೆಳೆತನ ಮುಂದೆ ಹಲವು ಹತ್ತು ವರ್ಷ ಉಳಿಯಿತು.

ಕುರಿ ಸಾಕಿದ ಲೇಖಕಿ

ಪುಸ್ತಕದಿಂದ ಬಂದ ದುಡ್ಡಿನಿಂದ ಬಿಯಾಟ್ರಿಕ್ಸ್ 1905ರಲ್ಲೇ ಜಮೀನು ಕೊಂಡರು. ಅದು ಇಂಗ್ಲೆಂಡಿನ ವಾಯವ್ಯ ಭಾಗದ ಸರೋವರಗಳ ಸೀಮೆ. ಹಿಲ್ ಟಾಪ್ ಎಂಬ ಹೊಲಮನೆ. 1913ರಲ್ಲಿ, ತಮ್ಮ 47ನೇ ವಯಸ್ಸಿನಲ್ಲಿ, ಅಲ್ಲಿಯ ವಕೀಲರಾದ ವಿಲಿಯಂ ಹೀಲಿಸ್ ಅವರನ್ನು ಮದುವೆಯಾದರು. ಆಮೇಲೆ ಅವರು ಪುಸ್ತಕದ ಬಿಯಾಟ್ರಿಕ್ಸ್ ಪಾಟರ್ ಆಗಿದ್ದಕ್ಕಿಂತ ಕುರಿ ಸಾಕುವ ಹೀಲಿಸಮ್ಮ ಆಗಿದ್ದದ್ದೇ ಹೆಚ್ಚು.

ಅವರ ಕಾಗದಗಳ ವಿಷಯವೂ ಬದಲಾಯಿತು. ಮಳೆ ಬಂತು, ಹುಲ್ಲು ಒಣಗಲಿಲ್ಲ. ಕುರಿ ಮರಿ ಹಾಕಿತು. ಹಸುವಿಗೆ ಹುಷಾರಿಲ್ಲ. ನಮ್ಮ ನಿಮ್ಮ ಮನೆಯ ಮಾತೇ ಅಲ್ಲವೇ? ಆ ಸೀಮೆಯ ಹರ್ಡ್‌ವಿಕ್ ಎಂಬ ನಾಟಿ ಕುರಿಯ ತಳಿ ಉಳಿಸಲು ಅವರು ದುಡಿದರು. ಕುರಿ ಸಾಕುವವರ ಸಂಘ ಅವರನ್ನು ಅಧ್ಯಕ್ಷೆಯಾಗಿ ಆರಿಸಿತು. ಅಧಿಕಾರ ವಹಿಸುವ ಮೊದಲೇ ಅವರು ತೀರಿಕೊಂಡರು.

ಊರಿನ ಕೆಲಸಕ್ಕೂ ಕಾಗದ ಬಳಸಿದರು. 1912ರಲ್ಲಿ ವಿಂಡರ್‌ಮಿಯರ್ ಸರೋವರದ ಮೇಲೆ ನೀರಿನಿಂದ ಏಳುವ ವಿಮಾನಗಳ ಗದ್ದಲ ಬೇಡ ಎಂದು ಪತ್ರಿಕೆಗೆ ಬರೆದರು. 1927ರಲ್ಲಿ ಅದೇ ಸರೋವರದ ದಡದ ಜಾಗದಲ್ಲಿ ಕಟ್ಟಡಗಳು ಏಳುವ ಭಯ ಬಂತು. ಬಿಯಾಟ್ರಿಕ್ಸ್ ಅಮೆರಿಕದ ಪತ್ರಿಕೆಯೊಂದಕ್ಕೆ ಕಾಗದ ಬರೆದರು. ಜೊತೆಗೆ ತಮ್ಮ 50 ಚಿತ್ರ ಕಳಿಸಿದರು. ಅಲ್ಲಿಯ ಓದುಗರು ಚಿತ್ರ ಕೊಂಡರು. ಆ ಹಣ ಜಾಗ ಉಳಿಸಲು ಬಂತು.

1943ರ ಡಿಸೆಂಬರ್ 22ರಂದು ಬಿಯಾಟ್ರಿಕ್ಸ್ ತೀರಿಕೊಂಡರು. 4,000 ಎಕರೆಗೂ ಹೆಚ್ಚು ಜಮೀನನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟು ಹೋದರು. ಅದು ಎಲ್ಲ ಜನರಿಗಾಗಿ ಊರು, ಬೆಟ್ಟ, ಹಳೆಯ ಮನೆಗಳನ್ನು ಕಾಯುವ ಸಂಸ್ಥೆ.

ಕಾಗದಗಳೇ ಪುಸ್ತಕವಾದವು

ಬಿಯಾಟ್ರಿಕ್ಸ್ ಬರೆದ ಕಾಗದ ಎಲ್ಲೆಲ್ಲೋ ಚದುರಿ ಹೋಗಿದ್ದವು. ಕೆಲವು ಮಕ್ಕಳ ಪೆಟ್ಟಿಗೆಯಲ್ಲಿ, ಕೆಲವು ಕಂಪನಿಯ ಕಪಾಟಿನಲ್ಲಿ, ಕೆಲವು ದೂರದ ಅಮೆರಿಕದಲ್ಲಿ. ಜೂಡಿ ಟೇಲರ್ ಎಂಬ ಲೇಖಕಿ ಅವನ್ನು ಹುಡುಕಿ, ಓದಿ, ಸುಮಾರು 400 ಕಾಗದ ಆರಿಸಿ 1989ರಲ್ಲಿ ಒಂದು ಪುಸ್ತಕ ಮಾಡಿದರು. ಮಕ್ಕಳಿಗೆ ಬರೆದ ಕಾಗದಗಳ ಪುಸ್ತಕ 1992ರಲ್ಲಿ ಬಂತು.

ಬಿಯಾಟ್ರಿಕ್ಸ್ ಹರೆಯದಲ್ಲಿ ಒಂದು ದಿನಚರಿಯನ್ನೂ ಬರೆದಿದ್ದರು. ಅದು ಯಾರಿಗೂ ಓದಲು ಆಗದ ಗುಟ್ಟಿನ ಲಿಪಿಯಲ್ಲಿತ್ತು. ಲೆಸ್ಲಿ ಲಿಂಡರ್ ಎಂಬುವರು ವರ್ಷಗಟ್ಟಲೆ ಕಷ್ಟಪಟ್ಟು 1958ರಲ್ಲಿ ಆ ಲಿಪಿಯ ಗುಟ್ಟು ಬಿಡಿಸಿದರು. 1966ರಲ್ಲಿ ಅದು ಅಚ್ಚಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇನ್ನೊಬ್ಬರ ಕಾಗದ ನಾವು ಓದಬಹುದೇ? ಬದುಕಿರುವವರ ಕಾಗದವನ್ನು ಅವರ ಒಪ್ಪಿಗೆ ಇಲ್ಲದೆ ಓದಬಾರದು. ತೀರಿಕೊಂಡವರ ಕಾಗದ ಅಚ್ಚು ಹಾಕುವಾಗಲೂ ಯಾರಿಗೂ ನೋವಾಗದ ಹಾಗೆ ನೋಡಿಕೊಳ್ಳಬೇಕು. ಇದು ನಮ್ಮ ಅಭಿಪ್ರಾಯ. ನೀವೂ ಯೋಚಿಸಿ.

ಇದರಿಂದ ನಮಗೇನು?

ಅಕ್ಷರ ಬಾರದಿದ್ದಾಗ ನಮ್ಮ ಸ್ಥಿತಿ ಏನಾಗಿತ್ತು? ಮಗಳ ಕಾಗದ ಬಂದರೆ ಓದಿಸಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು. ಮಗಳ ಕಷ್ಟವನ್ನು ತಾಯಿಗಿಂತ ಮುಂಚೆ ಓದಿಕೊಟ್ಟವರು ತಿಳಿಯುತ್ತಿದ್ದರು. ಬರೆಸುವಾಗಲೂ ಹಾಗೆಯೇ. ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತಿತ್ತು. "ಎಲ್ಲರೂ ಕ್ಷೇಮ" ಎಂದಷ್ಟೇ ಬರೆಸಿ ಬರುತ್ತಿದ್ದೆವು.

ಈಗ ಹಾಗಲ್ಲ. ನಮ್ಮ ಮಾತನ್ನು ನಾವೇ ಬರೆಯಬಹುದು. ಅದನ್ನು ಯಾರಿಗೆ ಬರೆದೆವೋ ಅವರು ಮಾತ್ರ ಓದುತ್ತಾರೆ.

ಏನು ಬರೆಯಲಿ ಅಂತೀರಾ? ಬಿಯಾಟ್ರಿಕ್ಸ್‌ಗೂ ತೋಚಿರಲಿಲ್ಲ. ಮೊಲದ ಕತೆ ಬರೆದರು. ನಿಮ್ಮ ಮನೆಯ ಕರು, ಕೋಳಿ, ಬೆಕ್ಕಿನ ಮಾತು ಬರೆಯಿರಿ.

ದೊಡ್ಡ ಮಾತು ಬರಲ್ಲ ಅಂತೀರಾ? ಬೇಡವೇ ಬೇಡ. ಎದುರಿಗೆ ಕೂತು ಆಡುವ ಮಾತೇ ಸಾಕು.

ಫೋನು ಇದೆ ಅಂತೀರಾ? ಇರಲಿ, ಮಾತಾಡಿ. ಆದರೆ ಆಡಿದ ಮಾತು ಆ ಹೊತ್ತಿಗೆ ಮುಗಿಯಿತು. ಬರೆದ ಕಾಗದ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ನಾಳೆ ಮೊಮ್ಮಗಳು ಅದನ್ನು ತೆಗೆದು "ಇದು ನಮ್ಮಜ್ಜಿಯ ಅಕ್ಷರ" ಅನ್ನುತ್ತಾಳೆ. 1893ರ ಸೆಪ್ಟೆಂಬರ್ 4ರ ಆ ಕಾಗದ ಇಂದಿಗೂ ಉಳಿದಿದೆ. ಮೇಲೆ ತಾರೀಕು ಇದ್ದದ್ದರಿಂದಲೇ ಅದು ಯಾವ ದಿನದ್ದು ಎಂದು ನಮಗೆ ಗೊತ್ತಾಗಿದೆ.

ನಾವೂ ಬರೆಯೋಣ

1. ಕಾಗದದ ಮೇಲ್ಭಾಗದಲ್ಲಿ ಊರಿನ ಹೆಸರು, ತಾರೀಕು, ಇಸವಿ ಬರೆಯಿರಿ.
2. ಯಾರಿಗೆ ಬರೆಯುತ್ತೀರೋ ಅವರನ್ನು ಮನೆಯಲ್ಲಿ ಕರೆಯುವ ಹಾಗೇ ಕರೆಯಿರಿ. ಉದಾಹರಣೆಗೆ: "ಪುಟ್ಟಿ", "ಅತ್ತೆಮ್ಮನವರಿಗೆ ನಮಸ್ಕಾರ".
3. ಇವತ್ತು ಕಣ್ಣಿಗೆ ಕಂಡ ಒಂದು ಸಂಗತಿ ಬರೆಯಿರಿ. ನಾಲ್ಕು ಸಾಲು ಸಾಕು.
4. ಮಗುವಿಗೆ ಬರೆಯುವುದಾದರೆ ಪಕ್ಕದಲ್ಲಿ ಒಂದು ಚಿತ್ರ ಬರೆಯಿರಿ. ಸೊಟ್ಟಗಿದ್ದರೂ ಪರವಾಗಿಲ್ಲ.
5. ಕೊನೆಯಲ್ಲಿ ನಿಮ್ಮ ಹೆಸರು ನೀವೇ ಬರೆಯಿರಿ.
6. ವಿಳಾಸದ ಜೊತೆ ಪಿನ್ ಕೋಡ್ ಮರೆಯಬೇಡಿ. ಅದರಲ್ಲಿ ಆರು ಅಂಕಿ ಇರುತ್ತದೆ.

ಇಲ್ಲೊಂದು ಮಾದರಿ ನೋಡಿ:

"ಪುಟ್ಟಿ, ನಾನು ನಿನ್ನ ಅಜ್ಜಿ. ಇದು ನಾನೇ ಬರೆದ ಕಾಗದ. ನಮ್ಮ ಗೌರಿ ಹಸು ಕರು ಹಾಕಿದೆ. ಕರುವಿನ ಹಣೆಯ ಮೇಲೆ ಬಿಳಿ ಬೊಟ್ಟು. ನಿನ್ನೆ ಅದು ನಿನ್ನ ತಾತನ ಟವೆಲ್ ಅಗಿದು ಹಾಕಿತು. ತಾತ ಬೈದರು, ಆಮೇಲೆ ನಕ್ಕರು. ರಜೆಗೆ ಬಾ. ಕರುವಿಗೆ ನೀನೇ ಹೆಸರಿಡು."

ಹೊಸ ಪದಗಳು

ಪ್ರಕಾಶಕರು: ಪುಸ್ತಕ ಅಚ್ಚು ಮಾಡಿಸಿ ಮಾರುವವರು
ಪ್ರತಿ: ಒಂದೇ ಪುಸ್ತಕದ ಒಂದೊಂದು ನಕಲು
ಎರವಲು: ವಾಪಸು ಕೊಡುತ್ತೇನೆಂದು ತಂದದ್ದು
ದಿನಚರಿ: ದಿನ ದಿನದ ಸಂಗತಿ ಬರೆದಿಡುವ ಪುಸ್ತಕ
ಲಿಪಿ: ಬರೆಯುವ ಅಕ್ಷರಗಳು
ತಳಿ: ಪ್ರಾಣಿಯ ಅಥವಾ ಬೆಳೆಯ ಒಂದು ಜಾತಿ

ಕೂಡಿ ಮಾತಾಡೋಣ

1. ನೋಯೆಲ್ ಆ ಕಾಗದವನ್ನು ಬಿಸಾಕಿದ್ದರೆ ಏನಾಗುತ್ತಿತ್ತು?
2. ಅಂಚೆಯಣ್ಣ ಬಿಯಾಟ್ರಿಕ್ಸ್‌ಗೆ ಗುರುವಾದದ್ದು ಹೇಗೆ? ಓದು ಹೆಚ್ಚು ಇಲ್ಲದಿದ್ದರೂ ತಿಳಿವಳಿಕೆ ಇರುವವರು ನಿಮ್ಮ ಊರಿನಲ್ಲಿ ಯಾರಿದ್ದಾರೆ?
3. ಬಿಯಾಟ್ರಿಕ್ಸ್ ಊರಿನ ಜಾಗ ಉಳಿಸಲು ಕಾಗದ ಬರೆದರು. ನಿಮ್ಮ ಊರಿನ ಯಾವ ಕೆಲಸಕ್ಕೆ ನೀವು ಕಾಗದ ಬರೆಯಬಹುದು? ಯಾರಿಗೆ?
4. ನಿಮ್ಮ ಮನೆಯಲ್ಲಿ ಹಳೆಯ ಕಾಗದ ಇವೆಯೇ? ಒಮ್ಮೆ ಪೆಟ್ಟಿಗೆ ತೆಗೆದು ನೋಡಿ. ಈಗ ಅವನ್ನು ನೀವೇ ಓದಬಹುದು.